ಈಶಾನ್ಯದ ಎಂಟು ಇಂಚು

ಪಟ್ಟಿಯಲ್ಲಿ ಹನ್ನೆರಡು ವಿಳಾಸಗಳಿದ್ದವು. ಮೊದಲ ಎಂಟನ್ನು ಬದರೀನಾಥ ಉಪ್ಪಿಟ್ಟು ತಿನ್ನುತ್ತಲೇ ಓದಿದ; ಒಂಬತ್ತನೆಯದಕ್ಕೆ ಬಂದಾಗ ಚಮಚ ಕೆಳಗಿಟ್ಟ. ಒಂದು ಗುಟುಕು ನೀರು ಕುಡಿದು ಮತ್ತೆ ಓದಿದ. ನೀರು ಕುಡಿದರೆ ವಿಳಾಸ ಬದಲಾದೀತೇ? 4118, ಹೆರಾನ್ ಲೇನ್. ಅದೇ, ಡಾಕ್ಟರ್ ಮೋಹನರಾಜರ ಮನೆ. ಮೇಜಿನ ಆಚೆ ಬದಿಯಲ್ಲಿ ಲ್ಯಾಪ್‌ಟಾಪ್ ತೆರೆದು ತನ್ನ ಆಫೀಸಿನ ಮೀಟಿಂಗಿಗೆ ಕಿವಿಗೊಟ್ಟು ಕೂತಿದ್ದ ಹೆಂಡತಿ ಮೀರಾ, ಅವನ ಮುಖ ನೋಡಿ ಮ್ಯೂಟ್ ಒತ್ತಿ, "ಏನ್ರೀ, ಉಪ್ಪು ಜಾಸ್ತಿ ಆಯ್ತಾ?" ಎಂದಳು. "ಇಲ್ಲ, ಇಲ್ಲ, ಚೆನ್ನಾಗಿದೆ" ಎಂದ. ಉಪ್ಪು ಇದೆಯೋ ಇಲ್ಲವೋ ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳು ಮತ್ತೆ ಮೀಟಿಂಗಿಗೆ ಮರಳಿದಳು. ಮೂವತ್ತು ವರ್ಷ ಜೊತೆಗಿದ್ದವಳು ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ; ಕೇಳಲಿಲ್ಲವಲ್ಲ ಎಂದು ಅವಳ ಮೇಲೇ ಸಿಟ್ಟು ಬಂತು. ತಟ್ಟೆಯನ್ನು ಸಿಂಕಿನಲ್ಲಿಟ್ಟು, ಸದ್ದಾಗದ ಹಾಗೆ ಬಾಗಿಲೆಳೆದುಕೊಂಡು ಹೊರಟ.

ಟೆಕ್ಸಾಸಿನ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ತನ್ನ ಮನೆಯಿಂದ ಸೈಪ್ರೆಸ್ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ಪಿಕನ್ ಬೆಂಡ್ ಎಂಬ ಪುಟ್ಟ ಊರಿದೆ, ಕಾರಿನಲ್ಲಿ ಸೀನಿ ಮುಗಿಸುವಷ್ಟರಲ್ಲಿ ದಾಟಿಹೋಗಿರುತ್ತದೆ. ಅದರ ಪುರಸಭೆಯಾದ ಸಿಟಿ ಹಾಲಿನಲ್ಲಿ ಬದರೀನಾಥನಿಗೆ ಹನ್ನೊಂದು ವರ್ಷದಿಂದ ನೆರೆಯ ಕೆಲಸ. ನೆರೆ ಬಂದ ಮೇಲಿನದಲ್ಲ, ಬರುವ ಮುಂಚಿನದು. ಹಳ್ಳದ ಅಂಚಿಗೆ ಯಾರು ಮಣ್ಣು ಸುರಿದರು, ಮೋರಿಗೆ ಅಡ್ಡವಾಗಿ ಯಾರು ಬೇಲಿ ಹಾಕಿದರು, ಯಾವ ಹೊಸ ಮನೆಯ ನೆಲ ಎಷ್ಟು ಎತ್ತರದಲ್ಲಿದೆ, ಇವೆಲ್ಲ ಅವನ ತಲೆನೋವು. ನೂರು ವರ್ಷಕ್ಕೊಮ್ಮೆ ಬರುವುದೆಂದು ಜನ ಅಂದುಕೊಳ್ಳುವ, ಆದರೆ ಯಾವ ವರ್ಷ ಬೇಕಾದರೂ ಬರಬಹುದಾದ ದೊಡ್ಡ ನೆರೆಯೊಂದರ ಮಟ್ಟ ನಕ್ಷೆಯಲ್ಲಿದೆ. ಮನೆಯ ಅತಿ ತಗ್ಗಾದ ನೆಲ ಆ ಮಟ್ಟಕ್ಕಿಂತ ಒಂದಡಿ ಮೇಲಿರಲೇಬೇಕು. ಸರ್ವೇಯರ್ ಅಳೆದು ಸರ್ಟಿಫಿಕೇಟ್ ಬರೆಯುತ್ತಾನೆ, ಬದರೀನಾಥ ಪರಿಶೀಲಿಸಿ ಸಹಿ ಹಾಕುತ್ತಾನೆ, ಆಮೇಲೆ ಜನ ಆ ಮನೆಗೆ ವಾಸಕ್ಕೆ ಬರುತ್ತಾರೆ. ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡುವ ಊರಿಗೊಂದು ದರ್ಜೆ, ಆ ದರ್ಜೆಯ ಮೇಲೆ ಊರಿನ ಪ್ರತಿ ಮನೆಯ ನೆರೆವಿಮೆಗೂ ರಿಯಾಯಿತಿ. ಅವನು ಬಂದಾಗ ಊರು ಎಂಟನೇ ದರ್ಜೆಯಲ್ಲಿತ್ತು, ಈಗ ಐದನೆಯದು. ಇಲ್ಲಿ ಅಂಕಿ ಇಳಿದಷ್ಟೂ ಊರು ಮೇಲೆ. ಐದು ಸಿಕ್ಕ ದಿನ ಕೌನ್ಸಿಲ್ ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಮೇಯರು ಅವನ ಹೆಸರನ್ನು ಮೂರು ಸಲ ಮೂರು ರೀತಿ ಉಚ್ಚರಿಸಿ ಕೈಕುಲುಕಿದ. ಬದರೀನಾಥ ಮೂರಕ್ಕೂ ನಕ್ಕಿದ್ದ.

ಆ ದರ್ಜೆಗೆ ಕೆಲವು ವರ್ಷಕ್ಕೊಮ್ಮೆ ಪರೀಕ್ಷೆ. ಈ ಸಲದ ಪರೀಕ್ಷಕಿ ಡೆನಿಸ್ ಎಂಬ ಹೆಂಗಸು, ಆಸ್ಟಿನ್ನಿನಲ್ಲಿ ಮನೆಯಿಂದಲೇ ಕೆಲಸ ಮಾಡುವವಳು, ಮಾತು ಬಲು ನಯ. ಈ ಹನ್ನೆರಡು ಮನೆಗಳ ಸರ್ಟಿಫಿಕೇಟ್‌ಗಳನ್ನು ಇಂದು ನಾಲ್ಕರೊಳಗೆ ಕಳಿಸಿ, ಮುಂದಿನ ಮಂಗಳವಾರ ನಾನೇ ಬಂದು ಎರಡು ಮೂರು ಮನೆ ನೋಡುತ್ತೇನೆ ಎಂದು ಬರೆದಿದ್ದಳು. ಕಾಗದ ಕಳಿಸುವುದಕ್ಕೇನು ಭಯ? 4118ರ ಕಾಗದದಲ್ಲಿ ಒಂದು ಕಲೆಯಿಲ್ಲ. ನೆಲ ನೆರೆಮಟ್ಟಕ್ಕಿಂತ ಒಂದಡಿ ಕಾಲಿಂಚು ಮೇಲೆ ಎಂದಿದೆ. ಮನೆಯ ಮಿಕ್ಕ ನೆಲದ ಮಟ್ಟಿಗೆ ಅದು ನಿಜ. ಈಶಾನ್ಯದ ಕೋಣೆ ಮಾತ್ರ ಎಂಟು ಇಂಚು ತಗ್ಗು. ತಗ್ಗೆಂದು ಬದರೀನಾಥನಿಗೆ ಗೊತ್ತು, ಸಹಿ ಹಾಕುವಾಗಲೂ ಗೊತ್ತಿತ್ತು. ಒಂದು ಸರ್ಟಿಫಿಕೇಟ್ ತಪ್ಪಿದ್ದಕ್ಕೆ ಊರಿನ ದರ್ಜೆ ಹೋಗುವುದಿಲ್ಲ. ಆದರೆ ಗೊತ್ತಿದ್ದೂ ಹಾಕಿದ ಸಹಿ ಎಂದು ತಿಳಿದರೆ ಅವನ ಲೈಸೆನ್ಸು, ಕೆಲಸ ಎರಡಕ್ಕೂ ಸಂಚಕಾರ. ಹನ್ನೊಂದು ವರ್ಷದ ಮುನ್ನೂರು ಚಿಲ್ಲರೆ ಸಹಿಗಳನ್ನು ಒಂದೊಂದಾಗಿ ಕೆದಕಿ ನೋಡುತ್ತಾರೆ. ಆಮೇಲೆ ದರ್ಜೆಯೂ ಉಳಿದ ಹಾಗೇ.

ಆಫೀಸಿನಲ್ಲಿ ಕೂತವನೇ ಹನ್ನೊಂದು ಫೈಲು ಕಳಿಸಿದ. ಒಂಬತ್ತನೆಯದು ತೆರೆ ಮೇಲೆ ಹಾಗೇ ಉಳಿಯಿತು. ತನ್ನ ಸಹಿಯನ್ನು ದೊಡ್ಡದು ಮಾಡಿಕೊಂಡು ನೋಡಿದ. ಕೈ ನಡುಗಿರಲಿಲ್ಲ, ಅಳುಕಿರಲಿಲ್ಲ. ಕೊನೆಯ ಗೆರೆಯನ್ನು ಖುಷಿಯಲ್ಲಿದ್ದಾಗ ಮಾತ್ರ ಎಳೆಯುವಂತೆ ಉದ್ದಕ್ಕೆ ಎಳೆದಿದ್ದ. ಪಕ್ಕದ ಮೇಜಿನ ಹುಡುಗಿ ಸಂಜೆಯಿಂದ ಭಾರಿ ಮಳೆಯಂತೆ, ನೆರೆ ಎಚ್ಚರಿಕೆ ಕೊಟ್ಟಿದ್ದಾರೆ, ಬ್ಯಾರಿಕೇಡುಗಳನ್ನು ಹೊರಗಿಡಿಸಲೇ ಎಂದು ಕೇಳಿದಾಗ ಬೆಚ್ಚಿ ಫೈಲು ಮುಚ್ಚಿದ. ಮುಚ್ಚಿದ್ದನ್ನು ಅವಳು ನೋಡಿದಳೇ? ನೋಡಿದರೆ ಅವಳಿಗೇನು ಗೊತ್ತಾಗುತ್ತದೆ, ಹುಚ್ಚಪ್ಪ! ಊಟದ ಬಿಡುವಿನಲ್ಲಿ ಪಾರ್ಕಿಂಗಿಗೆ ಹೋಗಿ, ಕಾರಿನ ಕಿಟಕಿ ಏರಿಸಿಕೊಂಡು ಹಾಲಪ್ಪನಿಗೆ ಫೋನು ಹಚ್ಚಿದ. ಹಾಲಪ್ಪ ಹುಬ್ಬಳ್ಳಿ ಕಡೆಯವನು, ಹ್ಯೂಸ್ಟನ್ನಿನ ಕನ್ನಡಿಗರ ಅರ್ಧ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿದವನು.

"ಎಂಟು ಇಂಚು ಏನ್ರಿ? ಫೋಮ್ ತುಂಬಿ ಮ್ಯಾಲೆ ಕಾಂಕ್ರೀಟ್ ಹಾಕಿದ್ರ ಎರಡು ದಿನದ ಕೆಲಸ ಬಿಡ್ರಿ ಸರ. ಶುಕ್ರವಾರ ಬರ್ತೀನಿ. ರೂಮ್ ಖಾಲಿ ಇರಬೇಕು ನೋಡ್ರಿ."

"ಖಾಲಿ ಇರುತ್ತೆ. ದೇವರ ಕೋಣೆ ಅದು, ಯಾರೂ ಇರಲ್ಲ."

"ಪರ್ಮಿಟ್ ಅಂತೂ ನಿಮ್ಮ ಕೈಯಾಗೇ ಐತಿ, ಅದಕ್ಕೇನು ತ್ರಾಸಿಲ್ಲ."

"ಪರ್ಮಿಟ್ ಬೇಡ ಹಾಲಪ್ಪ."

ಹಾಲಪ್ಪ ದೊಡ್ಡದಾಗಿ ನಕ್ಕ. "ಬ್ಯಾಡಾ? ಹೋದ ವರ್ಷ ಬರೇ ಒಂದು ಶೆಡ್ ಹಾಕಿದ್ದಕ್ಕ ನನಗ ನೋಟಿಸ್ ಕೊಟ್ಟಿದ್ರಿ ನೀವು! ಆತು ಬಿಡ್ರಿ, ಯಾರ ಮುಂದೂ ಹೇಳಂಗಿಲ್ಲ." ಆ ನಗುವನ್ನು ಬದರೀನಾಥ ಡಾಕ್ಟರ ಮನೆಯ ದಾರಿಯುದ್ದಕ್ಕೂ ಹೊತ್ತುಕೊಂಡು ಹೋದ. ಇನ್ನು ಮುಂದೆ ಸಿಕ್ಕಾಗಲೆಲ್ಲ ಹಾಲಪ್ಪ ಹಾಗೇ ನಗುತ್ತಾನೆ, ಅವನ ಹೆಗಲ ಮೇಲೆ ಕೈ ಕೂಡ ಹಾಕಬಹುದು. ಹಾಕಿದರೆ ಹಾಕಲಿ. ಶುಕ್ರವಾರ, ಶನಿವಾರ ಕೆಲಸ. ಭಾನುವಾರ ಒಣಗುತ್ತದೆ, ಸೋಮವಾರ ಮೇಲೊಂದು ಜಮಖಾನ. ಮಂಗಳವಾರ ಡೆನಿಸ್ ಬಂದರೆ ಮನೆಯೆಲ್ಲ ಒಂದೇ ಸಮ. ಡಾಕ್ಟರ ಹೆಂಡತಿ ಇಂದುಮತಿಯವರಿಗೆ ಏನು ಹೇಳುವುದು? ಸಣ್ಣ ರಿಪೇರಿ ಎನ್ನುವುದು. ಹೊಸ ರೂಲ್ಸು ಎನ್ನುವುದು. ಸುಳ್ಳು ಹೇಳುವುದು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೆ ತನ್ನ ಮೇಲೇ ಒಂದು ಬಗೆಯ ಅಚ್ಚರಿ. ದಕ್ಷಿಣದ ಆಕಾಶ ಕಪ್ಪಿಟ್ಟಿತ್ತು, ಇತ್ತ ಬಿಸಿಲು ಚುರುಗುಟ್ಟುತ್ತಿತ್ತು. ಏಸಿ ಎಷ್ಟು ಹೆಚ್ಚಿಸಿದರೂ ಬೆನ್ನು ಸೀಟಿಗೆ ಅಂಟುತ್ತಿತ್ತು. ಕೆಲವು ವರ್ಷದ ಹಿಂದೆ ಇರ್ವಿಂಗ್‌ನಲ್ಲಿ ನಡೆದ ಕನ್ನಡಿಗರ ಸಮಾವೇಶದಲ್ಲೂ ಹೀಗೇ ಬೆನ್ನಿಗೆ ಶರ್ಟು ಅಂಟಿತ್ತು. ನಂದಕುಮಾರ್ ಎಂಬ ಸಾಫ್ಟ್‌ವೇರ್ ಮನುಷ್ಯ ಮೈಕು ಹಿಡಿದು, "ಇವರು ನಮ್ಮ ಹ್ಯೂಸ್ಟನ್ ಕಡೆಯ ಬದರೀನಾಥ್, ಚರಂಡಿ ಸ್ಪೆಷಲಿಸ್ಟ್! ನಿಮ್ಮನೇಲಿ ನೀರು ನಿಂತರೆ ಇವರಿಗೆ ಹೇಳಿ" ಎಂದಿದ್ದ. ನಾನೂರು ಜನ ನಕ್ಕರು. ಮೀರಾ ಕೂಡ, ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು, ನಕ್ಕಳು. ಆ ದಿನ ಊಟದ ಸಾಲಿನಲ್ಲಿ ಹಿಂದಿನಿಂದ ಒಂದು ಕೈ ಅವನ ತೋಳು ಹಿಡಿದು, "ರೀ ಬದರಿ, ಆ ಹಾರ್ವಿ ಚಂಡಮಾರುತ ಬಂದಾಗ ಇವರೆಲ್ಲ ಮಂಚದ ಮೇಲೆ ಹತ್ತಿ ಕೂತಿದ್ದನ್ನ ನಾನು ನೋಡಿದೀನಿ. ನಗೋರು ನಗಲಿ. ಬನ್ನಿ, ನಮ್ಮ ಟೇಬಲ್ಲಿಗೆ ಬನ್ನಿ" ಎಂದಿತು. ಆ ಕೈ ಡಾಕ್ಟರ್ ಮೋಹನರಾಜರದು. ಟೆಕ್ಸಾಸಿನ ಕನ್ನಡಿಗರ ಅರ್ಧದಷ್ಟು ಮಂಡಿ ಸೊಂಟಗಳನ್ನು ರಿಪೇರಿ ಮಾಡಿದ ಮೂಳೆ ಡಾಕ್ಟರು, ಎಲ್ಲರೂ ಎದ್ದು ನಿಂತು ಮಾತಾಡಿಸುವ ಮನುಷ್ಯ.

ಇಂಥ ಮನುಷ್ಯ ಪಿಕನ್ ಬೆಂಡಿನಲ್ಲಿ ಹಳ್ಳದ ಪಕ್ಕದಲ್ಲೇ ಸೈಟು ಕೊಂಡು ಮನೆ ಕಟ್ಟಿಸಿದರು. ಮೈಸೂರಿನ ಶ್ರೀಕಂಠಯ್ಯ ಎಂಬ ವಾಸ್ತುವಿನವರು ವಿಡಿಯೋದಲ್ಲೇ ಇಡೀ ನಕ್ಷೆ ನೋಡಿ, ಈಶಾನ್ಯ ತಗ್ಗಿರಬೇಕು, ನೈಋತ್ಯ ಎತ್ತರವಿರಬೇಕು ಎಂದರಂತೆ; ಬಿಲ್ಡರು, ಗಿರಾಕಿ ಕೇಳಿದ ಮೇಲೆ ಅವನಿಗೇನು, ಈಶಾನ್ಯದ ದೊಡ್ಡ ದೇವರ ಕೋಣೆಯ ನೆಲವನ್ನು ಒಂದು ಮೆಟ್ಟಿಲು ಇಳಿಸಿದ. ಸರ್ವೇಯರ್ ಬಂದ ದಿನ ಆ ಕೋಣೆಯ ತುಂಬ ಗ್ರಾನೈಟ್ ಪೇರಿಸಿದ್ದರು. ಅವನು ಮುಂಬಾಗಿಲಲ್ಲಿ ಅಳೆದು ಹೋದ. ಗೃಹಪ್ರವೇಶದ ಮುಹೂರ್ತ ಸರ್ಟಿಫಿಕೇಟಿಗಿಂತ ನಾಲ್ಕು ದಿನ ಮುಂಚೆ ಬಿತ್ತು. ಬೇರೆ ಯಾವ ಜನ ಸಹಿಯಾಗದ ಮನೆಯಲ್ಲಿ ಹಾಲುಕ್ಕಿಸುತ್ತಾರೆ, ನಾವಲ್ಲದೆ? ಬದರೀನಾಥ ರೇಷ್ಮೆ ಪಂಚೆಯುಟ್ಟು, ಮೀರಾಳ ಜೊತೆ, ಬಲಗಾಲಿಟ್ಟು ಆ ಕೋಣೆಗೆ ಇಳಿದಿದ್ದ. ಇಳಿಯುವಾಗಲೇ ಅವನ ಮಂಡಿಗೆ ಲೆಕ್ಕ ಸಿಕ್ಕಿತ್ತು, ಏಳೂವರೆ, ಎಂಟು ಇಂಚು. ಊಟಕ್ಕೆ ಗ್ಯಾರೇಜಿನಲ್ಲಿ ಬಾಳೆಲೆ ಹಾಕಿದಾಗ ಡಾಕ್ಟರು ಅವನನ್ನು ಕರೆದು ಮೊದಲ ಪಂಕ್ತಿಯಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಆ ಕಡೆ ಇಬ್ಬರು ಹೃದಯದ ಡಾಕ್ಟರು, ಈ ಕಡೆ ಒಂದು ಕಂಪನಿಯ ವೈಸ್ ಪ್ರೆಸಿಡೆಂಟು. ನಂದಕುಮಾರ್ ಎರಡನೇ ಪಂಕ್ತಿಗೆ ಕಾಯುತ್ತ ಗೋಡೆಗೊರಗಿ ನಿಂತಿದ್ದ. ಹೋಳಿಗೆಗೆ ತುಪ್ಪ ಬಿದ್ದಾಗ ಡಾಕ್ಟರು ಎಲ್ಲರಿಗೂ ಕೇಳುವ ಹಾಗೆ, "ಬದರಿ, ಆ ದೇವರ ಕೋಣೆ ಸ್ವಲ್ಪ ತಗ್ಗಾಯ್ತಲ್ಲ, ನಿಮ್ಮ ರೂಲ್ಸಿಗೆ ಏನಾದ್ರೂ ತೊಂದ್ರೆ ಇದ್ರೆ ಸಂಕೋಚ ಬೇಡ, ಹೇಳಿಬಿಡಿ, ತುಂಬಿಸಿಬಿಡೋಣ" ಎಂದರು. ಅವರು ಕೇಳಿದರು. ಇದೇ ಅವನನ್ನು ಇಷ್ಟು ವರ್ಷ ತಿಂದದ್ದು. ಲಂಚವಿಲ್ಲ, ಒತ್ತಾಯವಿಲ್ಲ, ತೊಂದರೆ ಇದೆ ಡಾಕ್ಟ್ರೇ ಎಂದಿದ್ದರೆ ನಾಳೆಯೇ ತುಂಬಿಸುತ್ತಿದ್ದರು. ಸಾಲಿನವರೆಲ್ಲ ಕೈ ತಡೆದು ಅವನ ಮುಖ ನೋಡಿದರು. ಅಷ್ಟೊಂದು ಜನ ಒಟ್ಟಿಗೆ ಅವನ ಉತ್ತರಕ್ಕೆ ಕಾದದ್ದು ಬದುಕಿನಲ್ಲಿ ಅದೇ ಮೊದಲು. "ಅಯ್ಯೋ, ಎಂಟಿಂಚಿಗೆ ಏನಾಗುತ್ತೆ ಡಾಕ್ಟ್ರೇ, ದೇವರ ಕೋಣೇಲಿ ಯಾರು ಮಲಗ್ತಾರೆ? ನಾನಿದೀನಲ್ಲ" ಎಂದುಬಿಟ್ಟ. "ನೋಡ್ರಪ್ಪಾ, ನಮ್ಮ ಬದರಿ ಇದ್ದಾಗ ನಮಗೇನು!" ಎಂದು ಡಾಕ್ಟರು ನಕ್ಕು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ನಾಲ್ಕನೆಯ ದಿನ ಸರ್ಟಿಫಿಕೇಟ್ ಮೇಜಿಗೆ ಬಂತು. ಸಹಿ ಹಾಕಿದ.

ಹೆರಾನ್ ಲೇನಿನಲ್ಲಿ ಕಾರು ನಿಲ್ಲಿಸಿದಾಗ ಎರಡೂವರೆ. ಈ ಮನೆಗೆ ಕಾಲಿಟ್ಟು ಎಷ್ಟು ದಿನವಾಯಿತು? ಡಾಕ್ಟರಿಗೆ ಪಾರ್ಶ್ವವಾಯು ಹೊಡೆದು ಹದಿನಾಲ್ಕು ತಿಂಗಳು; ಆಸ್ಪತ್ರೆಗೆ ಒಮ್ಮೆ ಹೋಗಿದ್ದ, ಮನೆಗೆ ತಂದ ಮೇಲೆ ಬಂದಿರಲಿಲ್ಲ. ಮೀರಾ ಎರಡು ಸಲ ಹೊರಡಿಸಿದಾಗಲೂ ಕೆಮ್ಮು, ಮೀಟಿಂಗು ಎಂದು ಏನೋ ನೆವ ಹೇಳಿದ್ದ. ಆ ಮೆಟ್ಟಿಲು ಇಳಿಯುವುದು ಅವನಿಂದಾಗುತ್ತಿರಲಿಲ್ಲ, ಅಷ್ಟೇ. ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಗಂಟೆ ಒತ್ತಿದ. ಬಾಗಿಲು ತೆರೆದ ಇಂದುಮತಿ ಒಂದು ಗಳಿಗೆ ಗುರುತು ಸಿಗದವರಂತೆ ನೋಡಿ, ಆಮೇಲೆ ಮುಖವರಳಿಸಿ, "ಅಯ್ಯೋ ಬದರಿಯವರೇ! ಬನ್ನಿ ಬನ್ನಿ. ಇವತ್ತು ಬೆಳಗ್ಗೆ ತಾನೇ ಇವರ ಹತ್ರ ನಿಮ್ಮ ಹೆಸರು ಎತ್ತಿದ್ದೆ" ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ಎರಡು ಕಾರಣ ತಯಾರಿಸಿಕೊಂಡು ಬಂದಿದ್ದ, ಎರಡೂ ದಂಡವಾದವು. ಆಕೆಯ ತಲೆ ಪೂರ್ತಿ ನರೆತಿತ್ತು, ಒಂದು ಮಂಡಿಗೆ ಪಟ್ಟಿ ಕಟ್ಟಿದ್ದರು, ಮಜ್ಜಿಗೆ ತರಲು ಒಳಗೆ ಹೋಗುವಾಗ ಗೋಡೆ ಹಿಡಿದು ನಡೆದರು.

"ಇಲ್ಲೇ ಇನ್ಸ್‌ಪೆಕ್ಷನ್‌ಗೆ ಬಂದಿದ್ದೆ," ಎಂದ, ಮಜ್ಜಿಗೆ ಲೋಟ ಎರಡೂ ಕೈಯಲ್ಲಿ ಹಿಡಿದು. "ಹಾಗೇ ನಿಮ್ಮ ದೇವರ ಕೋಣೆ ಒಂದು ನಿಮಿಷ ನೋಡಿಕೊಂಡು ಹೋಗೋಣ ಅಂತ. ಒಂದು ಸಣ್ಣ ರಿಪೇರಿ..."

"ಅಲ್ಲೇ ಇದಾರಲ್ಲ, ಬನ್ನಿ."

"ಯಾರು?"

"ಯಾರು ಅಂದ್ರೆ? ಇವರೇ. ಮಹಡಿ ಮೇಲಿನ ಬೆಡ್‌ರೂಮಿಗೆ ಎತ್ತಿಕೊಂಡು ಹೋಗೋಕಾಗುತ್ತಾ? ಕೆಳಗೆ ದೊಡ್ಡ ಕೋಣೆ ಅಂತ ಇರೋದು ಅದೊಂದೇ. ದೇವರನ್ನ ನೋಡ್ಕೊಂಡು ಇರ್ತೀನಿ ಅಂತ ಇವರೂ ಸನ್ನೆ ಮಾಡಿದ್ರು."

ಹಾಲಿನಿಂದ ಅಗಲವಾದ ಬಾಗಿಲು, ಬಾಗಿಲಿಗೊಂದು ಮೆಟ್ಟಿಲು, ಮೆಟ್ಟಿಲ ಕೆಳಗೆ ಕೋಣೆ. ಪೂರ್ವದ ಗೋಡೆಗೆ ದೇವರ ಮಂಟಪ, ಅದರೆದುರು ಆಸ್ಪತ್ರೆಯ ಕಬ್ಬಿಣದ ಮಂಚ, ಮಂಚದ ಮೇಲೆ ಡಾಕ್ಟರ್ ಮೋಹನರಾಜ. ಬಲಗೈ ಹೊದಿಕೆಯ ಮೇಲೆ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು. ಮಾತು ಹೋಗಿತ್ತು, ಕಣ್ಣು ಮಾತ್ರ ಹಿಂದಿನ ಕಣ್ಣೇ, ಬದರೀನಾಥನನ್ನು ಕಂಡು ಅಗಲವಾದವು, ಗಂಟಲಿನಿಂದ ಬ, ಬ ಎಂಬ ಸದ್ದು ಬಂತು. "ನೋಡಿ, ನಿಮ್ಮ ಗುರುತು ಸಿಕ್ತು!" ಎಂದು ಇಂದುಮತಿ ಸಂಭ್ರಮಪಟ್ಟರು. ಬದರೀನಾಥ ಮೆಟ್ಟಿಲ ಮೇಲೇ ನಿಂತಿದ್ದ, ಕಾಲು ಇಳಿಯಲಿಲ್ಲ. ಹಳ್ಳದ ಕಡೆಯ ಗಾಜಿನ ಬಾಗಿಲಿನಾಚೆ ಹುಲ್ಲು, ಹುಲ್ಲಿನಾಚೆ ಬೇಲಿ, ಬೇಲಿಯಾಚೆ ಹಳ್ಳ. ಯಾರೂ ಇರಲ್ಲ ಎಂದು ಈಗಷ್ಟೇ ಹಾಲಪ್ಪನಿಗೆ ಎಷ್ಟು ಧೈರ್ಯವಾಗಿ ಹೇಳಿದ್ದ.

"ಕೂತ್ಕೊಳ್ಳಿ," ಎಂದು ಇಂದುಮತಿ ಕುರ್ಚಿ ಎಳೆದರು. "ನಿಮಗೊಂದು ಮಾತು ಹೇಳಬೇಕು ಅಂತಿದ್ದೆ. ಹೋದ ಮೇ ತಿಂಗಳ ಮಳೆ ನೆನಪಿದೆಯಲ್ಲ? ಮಧ್ಯಾಹ್ನದ ಹೊತ್ತು, ನೋಡನೋಡ್ತಾ ಹಳ್ಳ ತುಂಬಿ ಹಿತ್ತಲೆಲ್ಲಾ ನೀರು. ಈ ಗಾಜಿನ ಬಾಗಿಲ ಹತ್ರ ಇಷ್ಟೇ ಬಾಕಿ, ಒಂದು ಬೆರಳು. ಪಕ್ಕದ ಮನೆಯವರು ಬಂದು, ನಾವು ಡಾಕ್ಟರನ್ನ ಎತ್ಕೋತೀವಿ, ಹೊರಡಿ ಅಂದ್ರು. ಆಸ್ಟಿನ್ನಿಂದ ನಮ್ಮ ಮಗಳು ಇಶಾ ಫೋನಲ್ಲಿ ಒಂದೇ ಅಳು, ಅಮ್ಮಾ, ಪ್ಲೀಸ್, ಜಸ್ಟ್ ಗೆಟ್ ಹಿಮ್ ಔಟ್ ಅಂತ. ನಾನು ಏನಂದೆ ಗೊತ್ತಾ? ನೋಡು ಪುಟ್ಟಾ, ಈ ಮನೆಗೆ ಬದರಿ ಅಂಕಲ್ ಸೈನ್ ಹಾಕಿದಾರೆ. ಅವರು ಸುಮ್ಮಸುಮ್ಮನೆ ಸೈನ್ ಹಾಕೋರಲ್ಲ. ನೀರು ಇನ್ನೊಂದಡಿ ಏರಿದ್ರೂ ನಮಗೇನೂ ಆಗಲ್ಲ ಅಂದೆ. ಪಕ್ಕದವರನ್ನ ಕಳಿಸಿಬಿಟ್ಟು ಇಲ್ಲೇ ಇವರ ಕೈ ಹಿಡ್ಕೊಂಡು ಜಪ ಮಾಡ್ತಾ ಕೂತೆ. ನೋಡಿ, ಬಂದ ನೀರು ಹಾಗೇ ಇಳಿದು ಹೋಯ್ತು." ಹೇಳಿ ಮುಗಿಸುವಾಗ ಆಕೆಯ ಕಣ್ಣು ಒದ್ದೆಯಾಗಿತ್ತು. "ನಿಮಗೆ ಥ್ಯಾಂಕ್ಸ್ ಹೇಳೋಕೂ ಆಗಿರಲಿಲ್ಲ."

ಆ ಮಧ್ಯಾಹ್ನ ಬದರೀನಾಥ ಸಿಟಿ ಹಾಲಿನಲ್ಲಿದ್ದ. ಹಳ್ಳದ ಪಕ್ಕದ ಮನೆಗಳ ಪಟ್ಟಿ ತೆಗೆದು, ಯಾವ ನೆಲ ತಗ್ಗೋ ಆ ಮನೆಗಳಿಗೆಲ್ಲ ಒಂದೊಂದಾಗಿ ಫೋನು ಮಾಡಿಸಿದ, ನಲವತ್ತೊಂದು ಮನೆ. ಪಟ್ಟಿ ಮಾಡಿದ್ದು ಸರ್ಟಿಫಿಕೇಟ್‌ಗಳನ್ನು ನೋಡಿ. ಕಾಗದದ ಪ್ರಕಾರ 4118ಕ್ಕೆ ಅಪಾಯವಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿರಲಿಲ್ಲ. ಆದರೆ ಅವನ ತಲೆಯಲ್ಲಿ ಇತ್ತು. ಫೋನು ಕೈಗೆತ್ತಿಕೊಂಡೂ ಇದ್ದ. ಪಟ್ಟಿಯಲ್ಲಿಲ್ಲದ ಮನೆಗೆ ಯಾಕೆ ಮಾಡಿದಿರಿ ಎಂದು ನಾಳೆ ಯಾರಾದರೂ ಕೇಳಿದರೆ? ಹೇಗೂ ದೇವರ ಕೋಣೆ, ಯಾರಿರುತ್ತಾರೆ, ಜಮಖಾನ ಒದ್ದೆಯಾದೀತು ಅಷ್ಟೇ ಎಂದು ಫೋನು ಕೆಳಗಿಟ್ಟಿದ್ದ. ಕೆಳಗಿಟ್ಟ ಆ ಹೊತ್ತಿನಲ್ಲಿ ಈ ಹೆಂಗಸು ಇದೇ ಕುರ್ಚಿಯಲ್ಲಿ, ಏಳಲಾರದ ಮನುಷ್ಯನ ಕೈ ಹಿಡಿದು, ಬದರೀನಾಥನ ಸಹಿಯನ್ನು ನಂಬಿ ಕೂತಿದ್ದಳು. ಮೆಟ್ಟಿಲಿಳಿದು ಬಂದು ಮಜ್ಜಿಗೆ ಲೋಟವನ್ನು ನೆಲಕ್ಕಿಟ್ಟ. ಸಣ್ಣ ರಿಪೇರಿ, ಹೊಸ ರೂಲ್ಸು, ಶುಕ್ರವಾರ, ಶನಿವಾರ, ಏನೂ ನೆನಪಾಗಲಿಲ್ಲ.

"ಇಂದುಮತಿಯವರೇ, ಆ ಸಹಿ ಸುಳ್ಳು."

"ಸುಳ್ಳು ಅಂದ್ರೆ? ನೀವು ಹಾಕಿದ್ದಲ್ವಾ?"

"ನಾನೇ ಹಾಕಿದ್ದು. ಈ ಕೋಣೆ ತಗ್ಗು. ಆ ಕಾಗದದಲ್ಲಿ ಇದರ ಲೆಕ್ಕ ಇಲ್ಲ. ಒಂದಡಿ ಅಲ್ಲ, ಇಲ್ಲಿ ನಿಮಗೆ ಇರೋದು ನಾಲ್ಕು ಇಂಚು. ಗೃಹಪ್ರವೇಶದ ದಿನಾನೇ ನೋಡಿದ್ದೆ. ನೋಡಿಯೂ ಹಾಕಿದೆ."

ಆಕೆ ಗಂಡನ ಕಡೆ ನೋಡಿದರು, ಮತ್ತೆ ಇವನ ಕಡೆ. "ಇವರು ಅವತ್ತು ನಿಮ್ಮನ್ನ ಕೇಳಿದ್ರು. ನಾನೇ ತುಪ್ಪ ಬಡಿಸ್ತಿದ್ದೆ."

"ಹೌದು. ಕೇಳಿದ್ರು."

"ಮೇ ತಿಂಗಳಲ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಫೋನ್ ಮಾಡಬಹುದಿತ್ತು."

ಬೈಯಲಿ, ಕಿರುಚಲಿ ಎಂದು ಬದರೀನಾಥ ಕಾದ. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು, ನಿಂತು ಸ್ವಲ್ಪ ಹಗುರವಾಗಬಹುದಿತ್ತು. ಆಕೆ ಆ ಉಪಕಾರ ಮಾಡಲಿಲ್ಲ. ಎದ್ದು ಗಾಜಿನ ಬಾಗಿಲ ಹತ್ತಿರ ಹೋಗಿ ಆಕಾಶ ನೋಡಿದರು. ಬಿಸಿಲು ಹೋಗಿತ್ತು. "ಸಂಜೆಯಿಂದ ಮಳೆ ಅಂತ ಹೇಳ್ತಿದ್ರು."

"ಹೌದು, ಭಾರಿ ಮಳೆ. ಎಚ್ಚರಿಕೆ ಬಂದಿದೆ."

"ಹಾಗಾದ್ರೆ ಆ ಕಡೆ ಹಿಡ್ಕೊಳ್ಳಿ."

"ಈ ಮಂಚಾನಾ? ನರ್ಸ್ ಯಾರಾದ್ರೂ ಬರ್ತಾರಲ್ವಾ, ಅವರು ಬಂದ ಮೇಲೆ ಗಾಲಿಕುರ್ಚಿಗೆ..."

"ಹಿಡ್ಕೊಳ್ಳಿ ಅಂದೆ."

ಗಾಲಿಕುರ್ಚಿ ಹತ್ತಿಸುವ ಅಲ್ಯೂಮಿನಿಯಂ ಹಲಗೆಯೊಂದು ಗೋಡೆಗೊರಗಿತ್ತು. ಮಂಚದ ಅಗಲಕ್ಕೆ ಅದು ಸಾಲದು. ಒಂದು ಗಾಲಿಗೆ ಅದನ್ನಿಟ್ಟರು, ಇನ್ನೊಂದಕ್ಕೆ ಪೂಜೆಗೆ ಕೂರುವ ಮಣೆಗಳನ್ನು ಒಂದರ ಮೇಲೊಂದು ಪೇರಿಸಿದರು. ಇಂದುಮತಿ ಮೆಟ್ಟಿಲ ಮೇಲೆ ಹಾಲಿನಲ್ಲಿ ನಿಂತು ತಲೆಯ ಕಡೆ ಎಳೆದರು, ಬದರೀನಾಥ ಕೋಣೆಯಲ್ಲಿ ನಿಂತು ಕಾಲಿನ ಕಡೆಯಿಂದ ತಳ್ಳಿದ. ಮೊದಲ ಸಲ ಮಂಚ ಅಲುಗಲೇ ಇಲ್ಲ. ಎರಡನೆಯ ಸಲ ಮಣೆ ಕಿರುಗುಟ್ಟಿತು. ಮೂರನೆಯ ಸಲ ಬದರೀನಾಥ ಎದೆಯನ್ನೇ ಮಂಚದ ಕಂಬಿಗೆ ಒತ್ತಿ ನೂಕಿದಾಗ ತಲೆಯ ಕಡೆಯ ಗಾಲಿಗಳು ಹಲಗೆಯನ್ನೂ ಮಣೆಗಳನ್ನೂ ಹತ್ತಿ ಹಾಲಿನ ಅಂಚಿಗೆ ಬಂದು ನಿಂತವು, ಮಣೆಗಳು ಅದೇ ಏಟಿಗೆ ಜಾರಿ ಚೆಲ್ಲಾಪಿಲ್ಲಿಯಾದವು. ಅಷ್ಟೇ. ಮುಂದಕ್ಕೆ ಹೋಗಲು ಕಾಲಿನ ಕಡೆಯನ್ನು ಎತ್ತಬೇಕು, ಎತ್ತಲು ಅವನಿಂದಾಗಲಿಲ್ಲ. ಬಿಟ್ಟರೆ ಮಂಚ ಹಿಂದಕ್ಕುರುಳಿ ತಲೆಯ ಕಡೆ ಧೊಪ್ಪನೆ ಕೆಳಗೆ ಬೀಳುತ್ತದೆ. ಬಾಡಿಗೆಯ ಮಂಚ, ಬ್ರೇಕು ಎಂದೋ ಕೆಟ್ಟಿತ್ತು. ಎಂಟು ಇಂಚು. ಐವತ್ತೆಂಟು ವರ್ಷದ ಅವನ ತೋಳು ನಡುಗುತ್ತಿತ್ತು, ಸೊಂಟದಲ್ಲಿ ಎಲ್ಲೋ ಒಂದು ನರ ಹಿಡಿದುಕೊಂಡಿತ್ತು. ಮಂಚದ ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ ಜಾರಿದ್ದ ಡಾಕ್ಟರು ಮೇಲಿನಿಂದ ನೇರವಾಗಿ ಅವನ ಮುಖ ನೋಡುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು, ಎಲ್ಲ ಅರ್ಥವಾಗಿತ್ತು. ಅವರ ಎಡಗೈ ಮಂಚದ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು, ಬೀಳುವ ಭಯಕ್ಕೆ. ಅವರು ತನಗೆ ಹೆದರಿದ್ದಾರೆಂದು ಬದರೀನಾಥನಿಗೆ ಆಗ ಗೊತ್ತಾಯಿತು.

"ಹೀಗೇ ಹಿಡ್ಕೊಂಡಿರಿ, ಪಕ್ಕದ ಮನೆಯವರನ್ನ ಕರೀತೀನಿ" ಎಂದು ಇಂದುಮತಿ ಕುಂಟುತ್ತ ಹೊರಗೆ ಹೋದರು. ಆಕೆ ವಾಪಸಾಗುವಷ್ಟರಲ್ಲಿ ಮಂಚ ತಳ್ಳುವ ಮುಂಚೆ ಕುರ್ಚಿಯ ಮೇಲಿಟ್ಟಿದ್ದ ಅವನ ಫೋನು ಎರಡು ಸಲ ಹೊಡೆದುಕೊಂಡು ನಿಂತು, ಮೂರನೆಯ ಸಲ ಶುರುವಾಗಿತ್ತು. ಪಕ್ಕದವರು ಬರ್ತಿದಾರೆ ಎನ್ನುತ್ತ ಆಕೆ ಹಾಲಿನ ಗೋಡೆಗೂ ಮಂಚಕ್ಕೂ ನಡುವೆ ನುಸುಳಿ ಮೆಟ್ಟಿಲಿಳಿದು ಬಂದು, ಫೋನು ಎತ್ತಿ ತೆರೆ ನೋಡಿದರು. "ಡೆನಿಸ್ ಅಂತಿದೆ. ಯಾರು?"

"ಪರೀಕ್ಷೆ ಮಾಡೋರು. ಈ ಮನೆ ಕಾಗದ ಕೇಳ್ತಿದಾರೆ. ನಾಲ್ಕು ಗಂಟೆಯೊಳಗೆ ಕಳಿಸಬೇಕು." ಉಸಿರು ಸಾಲುತ್ತಿರಲಿಲ್ಲ. "ಆಮೇಲೆ ನಾನೇ ಮಾಡ್ತೀನಿ."

"ಆಮೇಲೆ ಯಾಕೆ?" ಎಂದು ಇಂದುಮತಿ ಬೆರಳಿನಿಂದ ತೆರೆಯೊರಸಿ ಫೋನನ್ನು ಅವನ ಕಿವಿಗೆ ಹಿಡಿದರು. "ಮಾತಾಡಿ. ಕೈ ಬಿಡಬೇಡಿ."

ಡೆನಿಸ್ ನಯವಾಗಿಯೇ ಕೇಳಿದಳು: ಹನ್ನೊಂದು ಬಂದಿವೆ, ಹೆರಾನ್ ಲೇನಿನದೊಂದು ಬಂದಿಲ್ಲ, ಮರೆತಿರಾ? ಬದರೀನಾಥ ಮರೆತಿಲ್ಲ ಎಂದ. ಆ ಸರ್ಟಿಫಿಕೇಟ್ ತಪ್ಪು, ಆ ಮನೆಯಲ್ಲೇ ನಿಂತಿದ್ದೇನೆ, ಇಲ್ಲೊಂದು ತಗ್ಗಿನ ಕೋಣೆಯಿದೆ, ಅದರಲ್ಲಿ ಒಬ್ಬರು ಮಲಗಿದ್ದಾರೆ, ಅದು ತಗ್ಗೆಂದು ಗೊತ್ತಿದ್ದೇ ಸಹಿ ಹಾಕಿದೆ ಎಂದ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಇನ್ನಷ್ಟು ಬೋಳಾಗಿ ಕೇಳಿಸಿತು. ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. ಸಹಿ ಹಾಕಿದ್ದು ಯಾರು ಎಂದು ಅವಳು ಮತ್ತೊಮ್ಮೆ ಕೇಳಿದಳು. ಅವನು ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಎಷ್ಟು ಕೆಳಗಿದೆ ಆ ಕೋಣೆ ಎಂದಳು. ಹೇಳಿದ. ಕಂಬಿಗೆ ಎದೆ ಒತ್ತಿ ಹಿಡಿದೇ ಹೇಳಿದ್ದರಿಂದ ಮಾತು ಅರ್ಧ ಉಸಿರಲ್ಲೇ ಹೋಯಿತು. ಕ್ಷಮಿಸಿ, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದಳು ಅವಳು. ಇಂದುಮತಿ ಫೋನನ್ನು ಅವನ ಬಾಯಿಗೆ ಇನ್ನಷ್ಟು ಹತ್ತಿರ ತಂದರು. ಮಂಚದ ಮೇಲಿನಿಂದ ಡಾಕ್ಟರು ನೋಡುತ್ತಲೇ ಇದ್ದರು. ಬದರೀನಾಥ ಮತ್ತೆ ಹೇಳಿದ, ಈ ಸಲ ಜೋರಾಗಿ, ಮೂವರಿಗೂ ಕೇಳುವ ಹಾಗೆ.